ನಜರ್‌ಬಾದಿನ ಖಾರದ ಪುಡಿ ಸಮರದ ಬಗ್ಗೆ

ನಜರ್‌ಬಾದ್, ಮೈಸೂರು
ಅಕ್ಟೋಬರ್ ೧೯೫೮

ಚಳವಳಿ ಸ್ಮರಣೋತ್ಸವ ಸಮಿತಿಯ ಅಧ್ಯಕ್ಷರಾದ ಮಾನ್ಯ ಅನಂತಪದ್ಮನಾಭರವರೇ,

ತಮ್ಮ ಗಂಟಲಿಗೆ ಆಯುರಾರೋಗ್ಯ ಕೋರಿ ಪುಟ್ಟಬಸಮ್ಮ ಮಾಡುವ ನಮಸ್ಕಾರಗಳು.

ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬರಲಿಲ್ಲವೆಂದು ನಲವತ್ತೇಳರಲ್ಲಿ ನಡೆದ ಚಳವಳಿಯಲ್ಲಿ ನಾನು ಪೊಲೀಸರ ಕಣ್ಣಿಗೆ ಖಾರದ ಪುಡಿ ಎರಚಿ ಓಡಿಸಿದ ವೀರವನಿತೆಯೆಂದು ತಾವು ವರ್ಷವರ್ಷವೂ ಭಾಷಣ ಮಾಡುತ್ತ ಬಂದಿದ್ದೀರಿ. ಮೊದಲು ಹಿಡಿಯಷ್ಟಿದ್ದ ಖಾರ ಈಗ ಮೂಟೆಯಾಗಿದೆ, ಒಬ್ಬ ಪೇದೆ ದೊಡ್ಡ ದಂಡಾಗಿದ್ದಾನೆ. ಮುಂದಿನ ವರ್ಷ ನನ್ನನ್ನು ಆನೆಯ ಮೇಲೆ ಕೂರಿಸುವುದಾದರೆ ದಯವಿಟ್ಟು ಮೊದಲೇ ತಿಳಿಸಬೇಕು, ನನಗೆ ತಲೆಸುತ್ತು.

ನಾನು ಅಂದು ಮನೆ ಮುಂದೆ ಚಾಪೆ ಹಾಸಿ ಖಾರದ ಪುಡಿ ಜರಡಿ ಹಿಡಿಯುತ್ತಿದ್ದೆ. ಆಗ ಕಾಲೇಜು ವಿದ್ಯಾರ್ಥಿಯಾಗಿದ್ದ ತಾವು ಲಾಠಿಗೆ ಹೆದರಿ ಓಡಿ ಬಂದು ಅದರ ಮೇಲೆಯೇ ದಬಕ್ಕನೆ ಬಿದ್ದಿರಿ. ತಾವೂ ಅತ್ತಿರಿ, ನಾನೂ ಅತ್ತೆ. ಬೆನ್ನಟ್ಟಿ ಬಂದ ಪೇದೆ ರುದ್ರಸ್ವಾಮಿ ಮೇಲೆದ್ದ ಖಾರದ ಧೂಳಿಗೆ ಸಿಕ್ಕಿ ಜಗಲಿಯಲ್ಲಿ ಕುಸಿದು, "ಅಕ್ಕಾ, ಕಣ್ಣು ಉರೀತದೆ, ಒಸಿ ನೀರು ಉಯ್ರಿ" ಎಂದು ಅಂಗಲಾಚಿದ. ಒಂದೇ ಚೆಂಬಿನ ನೀರಿನಲ್ಲಿ ಇಬ್ಬರ ಕಣ್ಣೂ ತೊಳೆದೆ. ಕಣ್ಣು ಬಿಟ್ಟವನು ತಮ್ಮನ್ನು ಹಿಡಿಯಲಿಲ್ಲ. "ಹಿತ್ಲ ಬಾಗ್ಲಲ್ಲಿ ಹೋಗ್ಬುಡಿ ಸ್ವಾಮಿ, ಸಾಹೇಬ್ರು ಬತ್ತಾವ್ರೆ" ಎಂದು ಕಳಿಸಿಕೊಟ್ಟ. ಅದಕ್ಕಾಗಿ ಕೆಲಸ ಕಳೆದುಕೊಂಡ.

ಅವನೀಗ ನಮ್ಮ ಬೀದಿಯಲ್ಲೇ ಸೈಕಲ್ ರಿಪೇರಿ ಮಾಡುತ್ತಾನೆ. ಸ್ಮರಣೋತ್ಸವದಲ್ಲಿ ತಾವು ಆಡಿಸುವ ಚಳವಳಿಯ ನಾಟಕದಲ್ಲಿ ಮಾತ್ರ ಅವನಿಗೆ ರಾಕ್ಷಸನ ಕೋರೆಹಲ್ಲು. ಈ ಸಲ ನಾಟಕ ಮುಗಿದದ್ದೇ ಕೆಲವರು ದೇಶಭಕ್ತಿ ಉಕ್ಕಿ ಬಂದು ಅವನ ಅಂಗಡಿಗೆ ಕಲ್ಲು ಹೊಡೆದರು. ನಿಜ ಹೇಳಿ ಎಂದು ತಮ್ಮ ಮನೆಗೇ ಬಂದು ಬೇಡಿದೆ. ತಾವು ಒಳ್ಳೆಯ ಕಾಫಿ ಕೊಟ್ಟು, "ಅದನ್ನೆಲ್ಲ ಹೇಳಿದ್ರೆ ಚಳವಳಿ ಚಿಕ್ಕದಾಗುತ್ತೆ ಕಣ್ರಮ್ಮ" ಎಂದಿರಿ.

ಇಲ್ಲ ಸ್ವಾಮಿ. ಕಾಲು ನಡುಗುತ್ತಿದ್ದರೂ ತಮ್ಮಂಥವರು ಬೀದಿಗಿಳಿದರಲ್ಲ, ನನಗೆ ಅದೇ ದೊಡ್ಡದು. ತಾವು ಅದನ್ನೇ ಮುಚ್ಚಿಡುತ್ತಿದ್ದೀರಿ.

ಮರುದಿನ ಅವನ ಅಂಗಡಿ ಮುಂದೆ ಕುಳಿತು, ಬಂದವರಿಗೆಲ್ಲ ನಡೆದದ್ದನ್ನು ಹೇಳಿದೆ. ಕೇಳುತ್ತ ನಿಂತಿದ್ದವರಲ್ಲಿ ಕಲ್ಲು ಹೊಡೆದವನೂ ಒಬ್ಬನಿದ್ದ. ಅವನು ಮನೆಗೆ ಹೋಗಿ, ತನ್ನ ಸೈಕಲ್ ತಂದು ಪಂಕ್ಚರ್ ಹಾಕಿಸಿಕೊಂಡ. ರುದ್ರಸ್ವಾಮಿ ಅವನಿಗೆ ಗಾಳಿಯನ್ನೂ ತುಂಬಿಕೊಟ್ಟ.

ಆದಕಾರಣ ಮುಂದಿನ ನಾಟಕದಲ್ಲಿ ಕೋರೆಹಲ್ಲನ್ನು ತಾವು ಕಟ್ಟಿಕೊಂಡು, ತಮ್ಮ ಪಾತ್ರವನ್ನು ಅವನಿಗೆ ದಯಪಾಲಿಸಬೇಕಾಗಿ ವಿನಂತಿ.

ಇನ್ನೂ ಬದುಕಿದ್ದು ತಮ್ಮ ಇತಿಹಾಸಕ್ಕೆ ಅಡ್ಡ ಬಂದಿರುವ,
ತಮ್ಮ ವಿಶ್ವಾಸಿ,
ಪುಟ್ಟಬಸಮ್ಮ

ಮರೆತ ಮಾತು: ಬರುವ ಭಾನುವಾರ ನಮ್ಮ ಬೀದಿಯಲ್ಲಿ ನನ್ನ ಭಾಷಣವಿದೆ, ಅಧ್ಯಕ್ಷತೆ ತಮ್ಮದು. ತಾವು ಬಾರದಿದ್ದರೂ ಚಿಂತೆಯಿಲ್ಲ, ಬಂದು ಎಲ್ಲವನ್ನೂ ಒಪ್ಪಿಕೊಂಡಿರೆಂದೇ ವರ್ಷವರ್ಷವೂ ಹೇಳುತ್ತೇನೆ.