ಬೀಗರು ನೋಡುವ ತನಕ ಕುಯ್ಯದ ಹುಲ್ಲು

ಸೋಸಲೆಯ ಮರಿಸ್ವಾಮಿಯವರು ಗದ್ದೆಯ ಒಂದು ಮೂಲೆಯಲ್ಲಿ ಸೀಮೆಹುಲ್ಲು ಬೆಳೆದದ್ದು ಹಸುವಿಗಾಗಿ. ಇದನ್ನು ಅವರೇ ಮರೆತುಬಿಟ್ಟಿದ್ದರಿಂದ ನಾವಾದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕಡ್ಡಿ ಊರಿದಾಗ ಅವರ ಮನಸ್ಸಿನಲ್ಲಿ ಹಸುವೇ ಇತ್ತು. ಆಮೇಲೊಂದು ದಿನ ಹದಿನಾರು ಎಂಬ ಊರಿನ ಬೀಗರು, ಅಂದರೆ ಮಗಳು ಹೇಮಲತಾಳ ಮಾವ ನಂಜುಂಡಸ್ವಾಮಿಯವರು, ಫೋನಿನಲ್ಲಿ "ನಮ್ ಸೀಮೆಉಲ್ಲು ಎದೆಮಟ್ಟ ಬಂದದೆ ಬೀಗ್ರೇ" ಎಂದರು. ಅವರು ಹೇಳಿದ್ದು ಅಷ್ಟೇ. ಮರಿಸ್ವಾಮಿಯವರಿಗೆ ಅದು ಸವಾಲಾಗಿ ಕೇಳಿಸಿತು. (ಹೆಣ್ಣು ಕೊಟ್ಟವರಿಗೆ ಬೀಗರು ಆಕಳಿಸಿದರೂ ಏನೋ ಅಂದ ಹಾಗೆ ಕೇಳಿಸುತ್ತದೆ.) ಅಂದಿನಿಂದ ಹುಲ್ಲಿಗೆ ರಾಜೋಪಚಾರ ಶುರುವಾಯಿತು. ಕಾಲುವೆ ನೀರು ಮೊದಲು ಅದಕ್ಕೆ, ಕೊಟ್ಟಿಗೆಯ ಗಂಜಲವೂ ಅದಕ್ಕೆ. ಕಳೆ ಕೀಳುವುದಕ್ಕೆ ಮಾತ್ರ ಹೆಂಡತಿ ಕೆಂಪಾಜಮ್ಮ.

ಹುಲ್ಲು ಎದೆಮಟ್ಟ ಬಂದಾಗ ಕೆಂಪಾಜಮ್ಮ ಕುಡುಗೋಲು ಹಿಡಿದು ಹೊರಟರು. ಯಜಮಾನರು ಬದುವಿನ ಮೇಲೆ ಅಡ್ಡ ನಿಂತರು.

"ಎಲ್ಲಿಗಮ್ಮಿ?"

"ಉಲ್ ಕುಯ್ಯಕ್ಕೆ. ಕುಡ್ಲು ಇಡ್ಕಂಡು ಸಂತೆಗೋದಾರಾ?"

"ಬೀಗ್ರು ಬಂದು ಒಂದ್ಸಲ ನೋಡ್ಲಿ. ಆಮೇಲೆ ಕುಯ್ಕೋ."

"ಬೀಗ್ರು ಬಂದು ಮೇಯ್ತಾರಾ? ಬಲ್ತೋದ್ರೆ ಅಸ ಮೂಸಾಕಿಲ್ಲ ಕಣ್ರೀ."

"ಮೂಸ್ತದೆ ಸುಮ್ಕಿರಮ್ಮಿ. ಬೀಗ್ರಿಗೆ ಬರೀ ಕೂಳೆ ತೋರ್ಸಕ್ಕಾಯ್ತದಾ?"

ಬೀಗರು ಬರುವುದು ತಡವಾಗುತ್ತಲೇ ಹೋಯಿತು. ಒಂದು ವಾರ ನಾಟಿ, ಇನ್ನೊಂದು ವಾರ ಯಾರದೋ ತಿಥಿ. ಹುಲ್ಲು ಮಾತ್ರ ಯಾರಿಗೂ ಕಾಯದೆ ಆಳುದ್ದ ದಾಟಿತು, ದಂಟು ಹೆಬ್ಬೆರಳು ಗಾತ್ರವಾಯಿತು. ದಾರಿಹೋಕ ಬಸವಯ್ಯ ನಿಂತು "ಸಾ, ಇದ್ಯಾವ್ ಕಬ್ಬು?" ಎಂದು ಕೇಳಿದ ದಿನ ಮರಿಸ್ವಾಮಿಯವರು ಒಂದು ಮುದ್ದೆ ಹೆಚ್ಚಿಗೆ ಉಂಡರು.

ಕೆಂಪಾಜಮ್ಮನಿಗೆ ಹೊಟ್ಟೆ ಉರಿಯುತ್ತಿತ್ತು. ಹಸು ಅವರ ತವರಿನಿಂದ ಬಂದದ್ದು, ಈಗಷ್ಟೇ ಕರು ಹಾಕಿ ಹಾಲು ಕೊಡುವ ಕಾಲ. ಮನೆಯಲ್ಲಿ ಹುಲ್ಲಿನ ಕಾಡನ್ನೇ ಇಟ್ಟುಕೊಂಡು ಅವರು ಕಂಡವರ ಬದುವಿನಲ್ಲಿ ಗರಿಕೆ ಹೆರೆಯುತ್ತಾ ತಿರುಗುತ್ತಿದ್ದರು. ಡೈರಿಗೆ ಹೋಗುವ ಕ್ಯಾನು ದಿನೇ ದಿನೇ ಹಗುರಾಯಿತು. ಗಂಡನಿಗೆ ಹೇಳಿ ಹೇಳಿ ಸಾಕಾಗಿ, ಕೊನೆಗೆ ಅವರು ಹೇಳುವುದನ್ನೇ ಬಿಟ್ಟರು. ಗೆದ್ದೆನೆಂದುಕೊಂಡರು ಮರಿಸ್ವಾಮಿಯವರು.

ಅಂತೂ ಒಂದು ಭಾನುವಾರ ಬೀಗರು ಗೂಡ್ಸ್ ಆಟೋದಲ್ಲಿ ಬಂದಿಳಿದರು. ಬೀಗರ ಮನೆಗೆ ಬರಿಗೈಯಲ್ಲಿ ಬರುವಂತಿಲ್ಲವಲ್ಲ. ಮೊದಲು ಬಾಳೆಹಣ್ಣು ಇಳಿಯಿತು, ಆಮೇಲೆ ಖಾರದ ಪೊಟ್ಟಣ. ಕೊನೆಗೆ ಎಳೆಯ ಸೀಮೆಹುಲ್ಲಿನ ಎರಡು ದೊಡ್ಡ ಹೊರೆ ಇಳಿದವು.

"ಇದ್ಯಾಕ್ ಬೀಗ್ರೇ?" ಎಂದರು ಮರಿಸ್ವಾಮಿಯವರು.

ನಂಜುಂಡಸ್ವಾಮಿಯವರು ದನಿ ತಗ್ಗಿಸಿದರು. "ನಿಮ್ ಮಗ್ಳು ಏಮಾ ಏಳ್ತು. ನಿಮ್ಮನೇಲಿ ಅಸೂಗೆ ಮೇವಿಲ್ದೆ ಬೀಗ್ತೇರು ಫೋನಲ್ಲಿ ಅತ್ರಂತೆ. ನೀವು ನಾಚ್ಕೆಗೆ ಬಾಯ್ ಬುಡಾಕಿಲ್ಲ ಅಂತ ನಾನೇ ತಂದೆ."

ಕೆಂಪಾಜಮ್ಮ ಕರುವಿನ ಕಿವಿಯಲ್ಲಿದ್ದ ಉಣ್ಣೆ ಕೀಳುವುದರಲ್ಲಿ ತಲ್ಲೀನರಾಗಿದ್ದರು.

"ಮೇವಿಲ್ವಾ? ಬನ್ನಿ, ತೋರಿಸ್ತೀನಿ" ಎಂದು ಮರಿಸ್ವಾಮಿಯವರು ಬೀಗರ ಕೈ ಹಿಡಿದು ಗದ್ದೆಗೆ ಎಳೆದೊಯ್ದರು. ನಂಜುಂಡಸ್ವಾಮಿಯವರು ಕತ್ತೆತ್ತಿ ನೋಡಿದರು, ಒಂದು ದಂಟನ್ನು ಬಗ್ಗಿಸಲು ಹೋಗಿ ಸೋತು ಕೈಬಿಟ್ಟರು. ಮರ್ಯಾದಸ್ಥರು, ಒಳ್ಳೆಯ ಮಾತನ್ನೇ ಆಡಿದರು.

"ಚೆಂದಾಗದೆ ಬೀಗ್ರೇ. ಚಪ್ಪರಕ್ಕಾ?"

ಮರಿಸ್ವಾಮಿಯವರು ತಾವೇ ಕುಡುಗೋಲು ತಂದು, ಬೆವರು ಸುರಿಸಿ ಒಂದು ತೆಕ್ಕೆ ಕುಯ್ದು, ಹಸುವಿನ ಮುಂದೆ ಬೀಗರ ಹೊರೆಯ ಪಕ್ಕದಲ್ಲೇ ಹಾಕಿದರು. ಹಸು ಇವರ ಹುಲ್ಲನ್ನು ಮೂಸಿತು. (ಅಷ್ಟರ ಮಟ್ಟಿಗೆ ಅವರ ಮಾತು ನಿಜವಾಯಿತು.) ಆಮೇಲೆ ಒಮ್ಮೆ ಸೀನಿ, ಬೀಗರ ಹೊರೆಯೊಳಗೆ ಕಣ್ಣು ಮುಳುಗುವಷ್ಟು ಮುಖ ತೂರಿಸಿತು. ಹೆಣ್ಣು ಕೊಟ್ಟ ಮನೆಯ ಅನ್ನಕ್ಕೆ ಕೈಯೊಡ್ಡಬಾರದೆಂದು ನಂಬಿದ್ದ ಮರಿಸ್ವಾಮಿಯವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬೇಜಾರ್ ಮಾಡ್ಕಬ್ಯಾಡಿ" ಎಂದರು ಬೀಗರು. "ಎಲ್ಲಾ ಬುಡಕ್ಕೆ ಕುಯ್ದಾಕಿ ಗೊಬ್ಬರ ಕೊಡಿ. ಚಿಗುರೋಗಂಟ ಉಲ್ಲು ನಾನ್ ಕಳುಸ್ತೀನಿ."

ಬೇಡವೇ ಬೇಡ ಎನ್ನಲು ಮರಿಸ್ವಾಮಿಯವರು ಬಾಯಿ ತೆರೆದರು. ಅಷ್ಟರಲ್ಲಿ ಕೊಟ್ಟಿಗೆಯಿಂದ ಕೆಂಪಾಜಮ್ಮನ ಶಾಂತವಾದ ದನಿ ಬಂತು.

"ಬುದ್ವಾರ ಕಳ್ಸಿಕೊಡಿ ಅಣ್ಣಾ. ಇವತ್ತಿಂದು ಅಷ್ಟೊತ್ಗೆ ಮುಗ್ದೋಯ್ತದೆ."