ಹೆಂಡತಿಯ ಎಂಜಲಿನಲ್ಲಿ ಹುಡುಕಿದ ನನ್ನ ವಂಶ

ವಂಶವಾಹಿ ಪರೀಕ್ಷಿಸಿ ಪೂರ್ವಜರ ವಲಸೆಯ ದಾರಿ ತಿಳಿಸಿಕೊಡುವ ಕಂಪನಿಯ ವ್ಯವಸ್ಥಾಪಕರಿಗೆ,

ಮಾನ್ಯರೇ,

ಚನ್ನಪಟ್ಟಣ ತಾಲ್ಲೂಕು ಹೊಂಗನೂರಿನ ನಿವೃತ್ತ ಭೂಮಾಪಕ ಬೋರಲಿಂಗಯ್ಯನಾದ ನಾನು ತಮಗೂ, ತಮ್ಮ ಪ್ರಯೋಗಾಲಯಕ್ಕೂ, ನಮ್ಮ ಮನೆಯ ಎಂಜಲನ್ನು ಬೇಸರವಿಲ್ಲದೆ ಪರೀಕ್ಷಿಸಿದ ಸಿಬ್ಬಂದಿಗೂ ಕೈಮುಗಿದು ಸಲ್ಲಿಸುವ ದೂರು ಏನೆಂದರೆ, ತಮ್ಮ ವರದಿಯಲ್ಲಿ ಒಂದೇ ಒಂದು ತಪ್ಪೂ ಇಲ್ಲ.

ನಮ್ಮ ವಂಶದವರೇ ಈ ಊರಿನ ಮೊದಲಿಗರೆಂದು ಸಾಧಿಸುವ ಅರವತ್ತನಾಲ್ಕು ಪುಟದ ಪುಸ್ತಕವೊಂದನ್ನು ಬರೆದಿದ್ದ ನಾನು, ಅದಕ್ಕೆ ವಿಜ್ಞಾನದ ಮೊಹರು ಬೇಕೆಂದು ತಮ್ಮ ಕೊಳವೆಯನ್ನು ತರಿಸಿದೆ. ಎಂಜಲು ತುಂಬುವ ಮುನ್ನ ಅರ್ಧ ಗಂಟೆ ಬಾಯಿಗೆ ಏನೂ ಹಾಕಬಾರದೆಂದು ತಾವು ಸೂಚಿಸಿದ್ದಿರಿ. ಎಲೆ ಅಡಿಕೆಯಿಲ್ಲದೆ ಅರ್ಧ ಗಂಟೆ ಕಳೆಯಲು ಮೂರು ದಿನ ಹೆಣಗಿ, ಇಪ್ಪತ್ತು ನಿಮಿಷ ದಾಟಲಾಗದೆ, ಕೊಳವೆಯನ್ನು ಹೆಂಡತಿ ಮಾಯಮ್ಮನ ಕೈಗೆ ಕೊಟ್ಟೆ. ಮನೆಗೆ ಪಡಿತರ ಚೀಟಿ ಒಂದೇ ಇರುವಂತೆ ಎಂಜಲೂ ಒಂದೇ ಎಂದೂ, ಧಾರೆಯೆರೆದ ಮೇಲೆ ಹೆಣ್ಣು ಗಂಡನ ಕುಲಕ್ಕೆ ಸೇರಿದವಳೆಂದೂ ನಾನು ತಿಳಿದಿದ್ದೆ.

ವರದಿ ಬಂತು. ಈ ಪೂರ್ವಜರ ಸಾಲು ಆಫ್ರಿಕಾದಿಂದ ಹೊರಟು, ಹತ್ತಾರು ಸಾವಿರ ವರ್ಷಗಳ ಹಿಂದೆಯೇ ದಕ್ಷಿಣ ಭಾರತದಲ್ಲಿ ನೆಲೆಸಿತೆಂದು ಮೊದಲ ಪುಟದಲ್ಲಿತ್ತು. ಮುಂದಿನ ಪುಟಗಳಿಗೆ ನನಗೆ ತಾಳ್ಮೆ ಇರಲಿಲ್ಲ. ಹಾಲಿನ ಡೇರಿಯ ಮುಂದೆ ನಿಂತವರಿಗೆಲ್ಲ ಅದನ್ನು ಓದಿ ಹೇಳಿದೆ. ಮುತ್ತಾತನ ಕಾಲದಲ್ಲಿ ಊರು ಸೇರಿದ ಮನೆತನಗಳನ್ನು ಬೆರಳು ಮಾಡಿ ತೋರಿಸಿ ‘ಬಂದವರು’ ಎಂದೆ. ಪುಸ್ತಕದ ಮುನ್ನೂರು ಪ್ರತಿ ಅಚ್ಚು ಹಾಕಿಸಿದೆ. ಬರುವ ಭಾನುವಾರ ಬಿಡುಗಡೆ.

ಚನ್ನಪಟ್ಟಣದಲ್ಲಿ ಜೀವಶಾಸ್ತ್ರ ಪಾಠ ಹೇಳುವ ನನ್ನ ತಮ್ಮನ ಮಗಳು ಸೌಮ್ಯ ನಿನ್ನೆ ಬಂದು ವರದಿಯ ನಾಲ್ಕನೆಯ ಪುಟ ತಿರುಗಿಸಿದಳು. “ದೊಡ್ಡಪ್ಪ, ಇದು ಹೆಂಗಸ್ರ ಎಂಜಲು ಅಂತ ಬರ್ದವ್ರೆ. ತಾಯಿಂದ ಮಗಳಿಗೆ ಬಂದಿರೋ ಸಾಲು ಇದು. ಮದುವೆ ಆದ್ರೆ ಬದಲಾಗಲ್ಲ. ನಿಮ್ ವಂಶದ್ದು ಇದ್ರಲ್ಲಿ ಒಂದಕ್ಷರಾನೂ ಇಲ್ಲ.”

ಮಾಗಡಿ ಕಡೆಯಿಂದ ಬಂದವಳೆಂದು ಮೂವತ್ತೆಂಟು ವರ್ಷ ನಾನು ಹಂಗಿಸಿದ ಮಾಯಮ್ಮ ಹುಣಸೆಹಣ್ಣಿನ ಬೀಜ ತೆಗೆಯುತ್ತಲೇ, “ಉಗುಳು ಅಂದ್ರಿ, ಉಗುಳ್ದೆ. ಯಾರ ಕುಲದ್ದು ಅಂತ ಕೇಳ್ಕಂಡು ಉಗೀಬೇಕಿತ್ತಾ?” ಎಂದಳು.

ಆದಕಾರಣ, ನಮ್ಮ ಲಗ್ನಪತ್ರಿಕೆಯ ನಕಲನ್ನು ಲಗತ್ತಿಸಿದ್ದೇನೆ. ಮದುವೆಯಾಗಿರುವ ಸಂಗತಿಯನ್ನು ಅವಳ ಜೀವಕೋಶಗಳಿಗೆ ತಿಳಿಸಿ, ಹತ್ತಾರು ಸಾವಿರ ವರ್ಷಗಳ ಆ ಖಾತೆಯನ್ನು ನನ್ನ ಹೆಸರಿಗೆ ಬದಲಾಯಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ನನ್ನದೇ ಎಂಜಲು ಕಳುಹಿಸಬಹುದಲ್ಲ ಎಂದು ತಾವು ಕೇಳಬಹುದು. ಧೈರ್ಯ ಸಾಲದು.

ಮಾಯಮ್ಮನ ಸಾಲನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಪುಸ್ತಕದೊಳಗಿಡಿ ಎಂದು ಸೌಮ್ಯ ಹೇಳಿದ್ದರಿಂದ ಬರೆಯಲು ಕುಳಿತೆ. ತಾಯಿ ಚಿಕ್ಕತಾಯಮ್ಮ, ಅಜ್ಜಿ ಕೆಂಪಮ್ಮ; ಅಲ್ಲಿಗೆ ನಿಂತಿತು. “ಅವರವ್ವನ್ನ ಎಲ್ರೂ ಅವ್ವ ಅಂತ್ಲೇ ಕರೀತಿದ್ರು. ಹೆಸ್ರು ಯಾರು ಬರ್ದಿಟ್ಟವ್ರೆ?” ಎಂದಳು ಮಾಯಮ್ಮ. ಒಂದು ಗುಟುಕು ಎಂಜಲಿನಿಂದ ಆಫ್ರಿಕಾದವರೆಗಿನ ದಾರಿ ತೆಗೆಯಬಲ್ಲ ತಾವು ಆ ಒಂದು ಹೆಸರನ್ನೂ ತೆಗೆದುಕೊಡಬೇಕು. ಶನಿವಾರದೊಳಗೆ ತಲುಪಿದರೆ ಉಪಕಾರ.

ಆ ಶನಿವಾರದವರೆಗಾದರೂ ತಮ್ಮ ವಿಶ್ವಾಸಿ,
ಬೋರಲಿಂಗಯ್ಯ

ವಿ.ಸೂ.: ನನ್ನ ಪುಸ್ತಕದಲ್ಲಿ ನಲವತ್ತೊಂದು ಗಂಡಸರ ಹೆಸರುಗಳಿವೆ. ಹೆಂಗಸರವು ಎಷ್ಟಿವೆ ನೋಡೋಣವೆಂದು ಈಗ ಪುಟ ಪುಟ ತಿರುವಿದೆ. ನನ್ನ ತಾಯಿಯ ಹೆಸರೂ ಇಲ್ಲ. ಇದಕ್ಕೂ ತಮ್ಮ ಕಂಪನಿಯೇ ಹೊಣೆಯೆಂದು ಬರೆಯಲು ಎರಡು ಸಲ ಪ್ರಯತ್ನಿಸಿದೆ, ವಾಕ್ಯ ಮುಗಿಯಲಿಲ್ಲ.