ಮೊದಲು ಕೈ ಎತ್ತಿದವನೇ ಜಾಣ

ನನಗೊಂದು ಕೆಟ್ಟ ಚಾಳಿ ಇದೆ. ಬಹಳ ವರ್ಷ ಅದನ್ನು ಬುದ್ಧಿವಂತಿಕೆ ಎಂದೇ ತಿಳಿದುಕೊಂಡಿದ್ದೆ. ಎದುರಿನವರ ಪ್ರಶ್ನೆ ಮುಗಿಯುವ ಮೊದಲೇ ನನ್ನ ಉತ್ತರ ಬಾಯಿಂದ ಹೊರಬಿದ್ದಿರುತ್ತದೆ. ಒಮ್ಮೆ ಹಲ್ಲಿನ ಡಾಕ್ಟರು "ಯಾವ ಕಡೆ..." ಎನ್ನುವಷ್ಟರಲ್ಲಿ "ಎಡಗಡೆ" ಎಂದುಬಿಟ್ಟೆ. ನೋಯುತ್ತಿದ್ದುದು ಬಲಗಡೆ ಎಂದು ನೆನಪಾದಾಗ ಎಡ ದವಡೆ ಆಗಲೇ ಮರಗಟ್ಟಿತ್ತು. ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಅಲ್ಲೂ ನನ್ನ ಕಾನೂನು ಒಂದೇ: ಮೊದಲು ಕೈ ಎತ್ತಿದವನೇ ಜಾಣ. ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಮುಂದಿನ ಬೆಂಚಿನ ಮೂರು ಕೈ ಮೇಲೆದ್ದಿರುತ್ತವೆ. ಅವರಲ್ಲೊಬ್ಬ ಉತ್ತರ ಹೇಳುತ್ತಾನೆ, ನಾನು ಶಭಾಷ್ ಎಂದು ಲೆಕ್ಕ ಅಳಿಸುತ್ತೇನೆ. ಪಾಠಗಳೆಲ್ಲ ಡಿಸೆಂಬರಿಗೇ ಮುಗಿದು, ಉಳಿದ ಮೇಷ್ಟ್ರುಗಳು ಹೊಟ್ಟೆ ಉರಿದುಕೊಳ್ಳುತ್ತಾರೆ.

ಇಂಥ ನನಗೆ ದೇವರು ಕೊಟ್ಟ ಮಗಳು ಸಿಂಚನ. ಐದನೇ ಕ್ಲಾಸು. "ಏಳೆಂಟಲ ಎಷ್ಟೇ?" ಎಂದರೆ ಮೊದಲು ಫ್ಯಾನು ನೋಡುತ್ತಾಳೆ. ಆಮೇಲೆ ಕಿಟಕಿ. ನಾನು ಒಂದು ಲೋಟ ಕಾಫಿ ಕುಡಿದು ಕೆಳಗಿಟ್ಟ ಮೇಲೆ "ಐವತ್ತಾರು" ಎನ್ನುತ್ತಾಳೆ. ತಪ್ಪು ಹೇಳಿದ್ದು ನನಗಂತೂ ನೆನಪಿಲ್ಲ. ಆದರೆ ನನ್ನ ಕಾನೂನಿನಲ್ಲಿ ತಡವಾಗಿ ಬಂದ ಸರಿಯುತ್ತರಕ್ಕೆ ಬೆಲೆಯಿಲ್ಲವಲ್ಲ!

ಕಳೆದ ತಿಂಗಳು ಅವಳ ಕ್ಲಾಸ್ ಟೀಚರು ನನ್ನನ್ನು ಕರೆಸಿ ಕೈಗೊಂದು ಫಾರ್ಮು ಕೊಟ್ಟರು. "ಸಿಂಚನ ಸ್ವಲ್ಪ ನಿಧಾನ ಸರ್. ಬಾಯಿಲೆಕ್ಕ ನಿಮಿಷಕ್ಕೆ ಹತ್ತು ಕೊಟ್ರೆ ನಾಕು ಬರೀತಾಳೆ. ಇಂಥ ಮಕ್ಳಿಗೆ ಬೇರೆ ಬ್ಯಾಚು ಮಾಡ್ತಿದೀವಿ. ಸೋಮವಾರ ಸೈನ್ ಮಾಡಿ ಕೊಟ್ಬಿಡ್ರಿ." ಆ ನಾಲ್ಕೂ ಸರಿಯಿರುತ್ತವೆಯೇ ಎಂದು ಕೇಳಬೇಕಿತ್ತು. ಅದು ನನಗೆ ಹೊಳೆದದ್ದು ಮನೆ ಮುಟ್ಟಿದ ಮೇಲೆ.

ಗಣಿತದ ಮೇಷ್ಟ್ರ ಮಗಳು ದಡ್ಡರ ಬ್ಯಾಚಿಗೆ! ಮಾನ ಹೋಯಿತು ಎನ್ನಿಸಿತು. ಅವತ್ತೇ ಮೊಬೈಲಿನ ಸ್ಟಾಪ್‌ವಾಚು ಹಿಡಿದು ಮಗಳನ್ನು ಎದುರಿಗೆ ಕೂರಿಸಿಕೊಂಡೆ. ನಾಲ್ಕು ದಿನದಲ್ಲಿ ಅವಳ ವೇಗ ನಿಜಕ್ಕೂ ಹೆಚ್ಚಿತು. ಏನು ಕೇಳಿದರೂ ತಕ್ಷಣ "ಐವತ್ತಾರು" ಎನ್ನತೊಡಗಿದಳು. ಕಣ್ಣಲ್ಲಿ ನೀರು ನಿಂತಿತ್ತು. ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ಶೋಭಾ ಮೊಬೈಲು ಕಿತ್ತುಕೊಂಡಳು. "ಕೂಸೇನು ದುರ್ಗದ ಬಸ್ಸೇನ್ರಿ, ಟೈಮಿಗೆ ಸರಿಯಾಗಿ ಹೊರಡಾಕೆ? ಸಾಕು ಬಿಡ್ರಿ." ನನಗೂ ಸಾಕೆನ್ನಿಸಿತ್ತು. ಆದರೆ ಫಾರ್ಮು ಜೇಬಿನಲ್ಲಿತ್ತಲ್ಲ.

ಭಾನುವಾರ ಹೊಸದುರ್ಗದ ಹತ್ತಿರದ ಮಾವನ ಮನೆಗೆ ಹೋದೆವು. ಅವರ ಅಟ್ಟದ ಮೇಲೆ ವರ್ಷದಿಂದ ಒಣಗುತ್ತಿದ್ದ ತೆಂಗಿನಕಾಯಿ ಇಳಿಸುವ ದಿನ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಲೊಡಲೊಡ ಎಂದರೆ ತಿರುಳು ಒಣಗಿ ಚಿಪ್ಪು ಬಿಟ್ಟಿದೆ, ಕೊಬ್ಬರಿಯಾಗಿದೆ ಎಂದರ್ಥ. ನೀರಾಡಿದರೆ ಇನ್ನೂ ಹಸಿ, ವಾಪಸ್ ಅಟ್ಟಕ್ಕೆ. ಹಸಿಯದನ್ನು ಒಡೆದರೆ ಮುಗಿಯಿತು, ಮತ್ತೆ ಅದು ಉಂಡೆ ಕೊಬ್ಬರಿಯಾಗುವುದಿಲ್ಲ. "ಇಷ್ಟೇನಾ ಮಾವ, ಕೊಡಿ ಇಲ್ಲಿ" ಎಂದು ನಾನು ಎರಡು ಕಿವಿಗೆ ಎರಡು ಕಾಯಿ ಹಿಡಿದು ಶುರುಮಾಡಿದೆ. ಅತ್ತ ಸಿಂಚನ ಒಂದೊಂದು ಕಾಯಿಯನ್ನೂ ಅಲ್ಲಾಡಿಸಿ, ಕಣ್ಣು ಮುಚ್ಚಿ, ಸುಮ್ಮನೆ ಕೂತುಬಿಡುತ್ತಿದ್ದಳು. ಗಂಟೆಯಲ್ಲಿ ನನ್ನ ರಾಶಿ ಸೊಂಟದೆತ್ತರ ಬಂದಿತ್ತು, ಅವಳದು ಒಂದು ಮಂಕರಿಯೂ ತುಂಬಿರಲಿಲ್ಲ. ಅಯ್ಯೋ ಮಗಳೇ, ಇಲ್ಲೂ ಹಿಂದೆಯೇ ಉಳಿದೆಯಲ್ಲ ಎಂದು ಮರುಗಿದೆ.

ಸುಲಿದು ಒಡೆಯುವುದಕ್ಕೆ ಶುರುವಾಯಿತು. ನನ್ನ ರಾಶಿಯ ಮೊದಲನೆಯ ಕಾಯಿಯೇ ಮಾವನ ಪಂಚೆಯ ಮೇಲೆ ನೀರು ಚಿಮ್ಮಿಸಿತು. ಎರಡನೆಯದು ನನ್ನ ಮುಖಕ್ಕೆ. ಐದಾರು ಒಡೆದ ಮೇಲೆ ಮಾವ ಕತ್ತಿ ಕೆಳಗಿಟ್ಟರು. "ಅಲ್ರೀ ಮೇಷ್ಟ್ರೆ, ವರ್ಷಗಟ್ಲೆ ಕಾದೈತೆ ಅದು. ನೀವು ಒಂದು ಗಳಿಗೆ ಕಾಯಾಕಾಗಲಿಲ್ವಾ?" ಆಮೇಲೆ ಸಿಂಚನಳ ಮಂಕರಿಯ ಕಾಯಿಗಳನ್ನು ಒಡೆದರು. ಒಂದೊಂದೂ ಒಣಗಿದ ಉಂಡೆ. ಒಂದೂ ತಪ್ಪಿರಲಿಲ್ಲ.

"ಹೆಂಗೆ ಗೊತ್ತಾಯ್ತೇ?" ಎಂದೆ. ಅವಳು ಎಂದಿನಂತೆ ಸೂರು ನೋಡಿದಳು. ಅವಳ ಪರವಾಗಿ ನಾನೇ ಉತ್ತರ ಹೇಳಲು ಬಾಯಿ ತೆರೆದೆ. ಶೋಭಾ ಕಣ್ಣು ಕೆಕ್ಕರಿಸಿದಳು. ಬಾಯಿ ಮುಚ್ಚಿದೆ. ಬಹಳ ಹೊತ್ತಾದ ಮೇಲೆ ಮಗಳು ಹೇಳಿದಳು: "ಅಲ್ಲಾಡ್ಸುವಾಗ ಎಲ್ಲ ಒಂದೇ ಥರ ಕೇಳ್ಸುತ್ತೆ ಅಪ್ಪ. ನಿಲ್ಸಿದ ಮೇಲೆ ನೀರು ಇನ್ನೊಂಚೂರು ಆಡ್ತತೆ. ಅದಕ್ಕೆ ಕಾಯ್ತೀನಿ."

ಇಷ್ಟು ವರ್ಷ ಮೇಷ್ಟ್ರಗಿರಿ ಮಾಡಿದ ನನಗೆ ಅಲ್ಲಾಡಿಸುವುದಷ್ಟೇ ಗೊತ್ತಿತ್ತು. ಹಾಗೆಂದು ನಿಧಾನವಾಗಿದ್ದವರೆಲ್ಲ ಜಾಣರು ಎಂದು ನಾನು ಹೇಳುತ್ತಿಲ್ಲ. ನಮ್ಮ ಶಾಲೆಯ ಗುಮಾಸ್ತರು ಒಂದು ಪತ್ರಕ್ಕೆ ಮೂರು ದಿನ ತೆಗೆದುಕೊಂಡು ಕೊನೆಗೆ ತಪ್ಪು ವಿಳಾಸ ಬರೆಯುತ್ತಾರೆ. ವೇಗವೇ ಬೇರೆ, ಬುದ್ಧಿಯೇ ಬೇರೆ. ಎರಡೂ ಒಂದೇ ತಲೆಯಲ್ಲಿ ಸಿಕ್ಕರೆ ಅದೃಷ್ಟ, ಅಷ್ಟೆ. ನನ್ನ ತಲೆಯಲ್ಲಿ ಒಂದು ಮಾತ್ರ ಇದೆ ಎಂಬುದು ಅವತ್ತು ಮಾವನ ಅಂಗಳದಲ್ಲಿ ಸಾಬೀತಾಯಿತು.

ಸೋಮವಾರ ಸೈನ್ ಮಾಡದ ಫಾರ್ಮು ಟೀಚರಿಗೆ ವಾಪಸ್ ಕೊಟ್ಟು, "ಒಂದ್ಸಲ ಟೈಮ್ ಕೊಟ್ಟು ನೋಡ್ರಿ ಮೇಡಂ" ಎಂದೆ. "ಟೈಮ್ ಕೊಟ್ರೆ ಎಲ್ರೂ ಬರೀತಾರೆ ಸರ್" ಎಂದು ಅವರು ನಕ್ಕರು. "ಹಂಗಾದ್ರೆ ಎಲ್ರಿಗೂ ಕೊಡ್ರಿ" ಎಂದೆ. ತಟ್ಟನೆ ಹೇಳಿದ ಮಾತಿಗೆ ಪಶ್ಚಾತ್ತಾಪವಾಗದಿದ್ದುದು ಜೀವಮಾನದಲ್ಲಿ ಅದೇ ಮೊದಲು. ಗಡಿಯಾರ ನೋಡದೆ ಒಮ್ಮೆ ಬರೆಸುತ್ತೇನೆ ಎಂದು ಅವರು ಒಪ್ಪಿದರು.

ಅದೇ ಹುಮ್ಮಸ್ಸಿನಲ್ಲಿ ನನ್ನ ಹತ್ತನೇ ಕ್ಲಾಸಿಗೆ ಹೋಗಿ ಲೆಕ್ಕ ಬರೆದೆ. ಮೂರು ಕೈ ಎದ್ದವು. "ಇಳಿಸ್ರಪ್ಪ" ಎಂದು ಸುಮ್ಮನೆ ನಿಂತೆ. ಬಾಯಿ ತುರಿಸುತ್ತಿತ್ತು, ತಡೆದುಕೊಂಡೆ. ಸುಮಾರು ಹೊತ್ತಾದ ಮೇಲೆ ಕೊನೆಯ ಬೆಂಚಿನಲ್ಲಿ ಒಂದು ಕೈ ಮೆಲ್ಲಗೆ ಎದ್ದಿತು. ಮೂರು ವರ್ಷದಿಂದ ನನ್ನ ಕ್ಲಾಸಿನಲ್ಲೇ ಕೂರುವ ಹುಡುಗಿ. "ಹ್ಞಾ, ಹೇಳಮ್ಮ..." ಎಂದವನು ಅಲ್ಲೇ ನಿಂತೆ. ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಹಣೆ ತಿಕ್ಕಿಕೊಂಡೆ, ಸೂರು ನೋಡಿದೆ, ಕಿಟಕಿ ನೋಡಿದೆ. ಇಡೀ ಕ್ಲಾಸು ಕಾಯುತ್ತಿತ್ತು.

"ನಿಧಾನಕ್ಕೆ ನೆನಪು ಮಾಡ್ಕಳ್ರಿ ಸರ್," ಎಂದಳು ಅವಳು, "ಅವಸರ ಏನಿಲ್ಲ."